ರೆನೆಲ್‌ಳ ಸ್ವಂತ ಕೂಗು

ಬಾಲ್ಟಿಮೋರಿನಲ್ಲಿ ಕಪ್ಪು ಜನರ ಒಂದು ಗಲ್ಲಿಯಲ್ಲಿ ರೆನೆಲ್‌ಗೆ ಅಪ್ಪನಿರಲಿಲ್ಲ. ಅಪ್ಪನಂತೆ ಗದರುವವರು ಮಾತ್ರ ಮೂವರಿದ್ದರು. ಮೂವರೂ ಕುದುರೆಗಾಡಿಯಲ್ಲಿ ಹಣ್ಣು ಮಾರುವವರು. ಲೊರೆಂಜೊ ಮಾವ ಲದ್ದಿ ಎತ್ತುವಾಗಲೂ ಇಸ್ತ್ರಿಯಾದ ಅಂಗಿ ತೊಡುತ್ತಿದ್ದ. ಥ್ಯಾಡ್ ಮಾವ ಕರಬೂಜವನ್ನು ಮೂಸಿಯೇ ಹಣ್ಣೋ ಕಾಯೋ ಹೇಳುತ್ತಿದ್ದ. ಹೆಂಗಸರ ವಿಷಯದಲ್ಲಿ ಆ ಮೂಗು ಕೆಲಸ ಮಾಡದೆ ಅವನ ಎರಡು ಮದುವೆ ಮುರಿದಿದ್ದವು. ಹಿರಿಯ ಕ್ಲಿಯೋಫಸ್ ಮಾವ ಒಮ್ಮೆ ಅವಳ ಮಾಸ್ತರರನ್ನು ಕಾಣಲು ಶಾಲೆಗೆ ಕುದುರೆಯೇರಿ ಹೋಗಿದ್ದ. ಮಾಸ್ತರರು ಬಹಳ ವಿನಯದಿಂದ ಮಾತಾಡಿದರಂತೆ.

ಗಿರಾಕಿಗಳನ್ನು ಕರೆಯಲು ಪ್ರತಿ ಗಾಡಿಯವನಿಗೂ ತನ್ನದೇ ಕೂಗು. ಇನ್ನೊಬ್ಬನ ಹೆಂಡತಿಯ ಮೇಲೆ ಕಣ್ಣು ಹಾಕಿದವನಿಗೂ ಅಲ್ಲಿ ಕ್ಷಮೆಯಿತ್ತು, ಕೂಗು ಕದ್ದವನಿಗಿರಲಿಲ್ಲ.

ರೆನೆಲ್‌ಗೆ ಹದಿನೇಳಾದ ಬೇಸಿಗೆಯಲ್ಲಿ ಕ್ಲಿಯೋಫಸ್‌ನ ಮೊಣಕಾಲು ಕೈಕೊಟ್ಟಿತು.

"ಗಾಡಿ ನಾನು ಹೊಡೀತೀನಿ ಮಾವ," ಎಂದಳು.

"ನಿಂಗೆ ಕೂಗೇ ಇಲ್ವಲ್ಲೇ! ಬೆಕ್ಕಿನ ಬಾಲ ತುಳಿದಂಗೆ ಕಿರುಚ್ತೀಯ," ಎಂದು ಥ್ಯಾಡ್ ನಕ್ಕ.

"ಸುಮ್ನಿರೋ. ನೋಡೇ ಹುಡುಗಿ," ಎಂದ ಕ್ಲಿಯೋಫಸ್, "ಸಂಜೆಯೊಳಗೆ ಗಾಡಿ ಖಾಲಿ ಮಾಡ್ಕೊಂಡು ಬಾ, ಬಿಷಪ್ ನಿನ್ನೋನು. ಇಲ್ಲಾಂದ್ರೆ ಲದ್ದಿ ಎತ್ತೋದು ಇದ್ದೇ ಇದೆ."

ಬಿಷಪ್ ಎಂದರೆ ಅವನ ಕುದುರೆ.

ಮಧ್ಯಾಹ್ನವಾದರೂ ಒಂದು ಹಣ್ಣೂ ಹೋಗಲಿಲ್ಲ. ಅವಳ ದನಿ ಗಂಟಲು ದಾಟುತ್ತಿರಲಿಲ್ಲ. ಕೊನೆಗೆ ಆಚೀಚೆ ನೋಡಿ, ದನಿ ದಪ್ಪ ಮಾಡಿ, ಕ್ಲಿಯೋಫಸ್‌ನ ಕೂಗನ್ನೇ ಕೂಗಿದಳು: "ಸಕ್ಕರೇ ಕರಬೂಜಾ..."

ಬಿಷಪ್ ಕಿವಿ ನಿಮಿರಿಸಿತು. ಲಗಾಮು ಎಳೆದರೂ ಕೇಳದೆ ಅಡ್ಡರಸ್ತೆಗೆ ನುಗ್ಗಿ, ವಿಧವೆ ಅರ್ನೆಸ್ಟೀನಳ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿತು. ದಿನಾ ಅಲ್ಲಿ ಬಹಳ ಹೊತ್ತು ನಿಂತು ರೂಢಿಯಿದ್ದ ಹಾಗಿತ್ತು. ಆಕೆ ತುಟಿಗೆ ಬಣ್ಣ ಬಳಿದುಕೊಂಡು ಹೊರಗೆ ಬಂದಳು. ಹುಡುಗಿಯನ್ನು ಕಂಡದ್ದೇ ಮುಖ ಇಳಿಯಿತು.

"ಅವ್ನೆಲ್ಲಿ?"

"ಕಾಲು ನೋವು. ಕರಬೂಜ ಬೇಕಾ ಅತ್ತೆ?"

"ಕರಬೂಜ ಯಾರಿಗೆ ಬೇಕಿತ್ತೇ?" ಬಾಗಿಲು ಮುಚ್ಚಿತು.

ಕುದುರೆ ಮಾತ್ರ ಜಗ್ಗಲಿಲ್ಲ. ಹೊತ್ತು ಇಳಿಯುತ್ತಿತ್ತು. ರೆನೆಲ್‌ಗೆ ಪಿತ್ತ ನೆತ್ತಿಗೇರಿತು. "ನಡಿಯೋ ಮುದಿ ಬಿಷಪ್ಪಾ! ಮುದುಕನ ಪ್ರೀತಿ ಕಾಯ್ತದೆ, ಕರಬೂಜ ಕೊಳೀತದೇ!"

ರಸ್ತೆಯ ಎರಡೂ ಬದಿ ಕಿಟಕಿಗಳು ತೆರೆದವು. "ಇನ್ನೊಂದ್ಸಲ ಹೇಳೇ!" ಎಂದು ನಗುತ್ತ ಹೊಟ್ಟೆ ಹಿಡಿದುಕೊಂಡೇ ಹೆಂಗಸರು ಮೆಟ್ಟಿಲಿಳಿದರು. ಅವಳು ಹೇಳಿದಳು. ಕರಬೂಜ ಹೋಗತೊಡಗಿತು, ಬಿಷಪ್ ಕೂಡ ಹೆಜ್ಜೆ ಕಿತ್ತಿತು. ಮುಂದಿನ ಬೀದಿಯಲ್ಲೂ ಅದನ್ನೇ ಕೂಗಿದಳು.

ಸಂಜೆ ಖಾಲಿ ಗಾಡಿ ಲಾಯಕ್ಕೆ ಬರುವ ಮೊದಲೇ ಕೂಗು ಬಂತು. ಥ್ಯಾಡ್ ಕುಡಿಯುತ್ತಿದ್ದ ಸೋಡಾ ಮೂಗಿಗೆ ಹತ್ತಿತು. ಲೊರೆಂಜೊ ನಗು ತಡೆಯಲಾರದೆ ಇಸ್ತ್ರಿ ಅಂಗಿಯಲ್ಲೇ ಹುಲ್ಲಿನ ಮೇಲೆ ಬಿದ್ದ.

ಕ್ಲಿಯೋಫಸ್ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. "ಬಿಷಪ್ ನಿನ್ನೋನು, ಆಯ್ತು. ಆ ಕೂಗು ಮಾತ್ರ ಬದಲಾಯ್ಸೇ ತಾಯಿ."

"ಯಾಕೆ ಮಾವ? ಕದ್ದಿದ್ದಲ್ಲ, ನಂದೇ."

ಈಗ ರೆನೆಲ್‌ಗೆ ಐವತ್ತು ದಾಟಿದೆ. ಇಸ್ತ್ರಿಯಾದ ಅಂಗಿ ತೊಟ್ಟು, ಹಣ್ಣು ಮೂಸಿ ಕೊಡುತ್ತಾಳೆ. ಕೂಗು ಬದಲಾಯಿಸಿಲ್ಲ.