ರೊಟ್ಟಿ ಡಬ್ಬಿಯ ಡೆರಿವೇಟಿವ್

ಎರಡು ಗಿಡ್ಡ ಹಾರ್ನ್, ಆಮೇಲೆ ಒಂದು ಉದ್ದ. ಮಾದಾಪುರದ ಆಫೀಸ್ ಕ್ಯಾಬ್ ಕಾಚಿಗೂಡದ ನಮ್ಮ ಗಲ್ಲಿಗೆ ಬಂತೆಂದರೆ ಇದೇ ಸದ್ದು. ಆ ಉದ್ದದ ಹಾರ್ನ್ ಮುಗಿಯುವುದರೊಳಗೆ ಕೆಳಗಿನ ಮನೆಯ ವೈನಿಯ ರೊಟ್ಟಿಗಳು ಟ್ರಂಕಿನೊಳಗೆ ಹೋಗಿ, ಟ್ರಂಕು ಕ್ಯಾಬಿನೊಳಗೆ ಹೋಗಬೇಕು. ತಡವಾದರೆ ಡ್ರೈವರ್ ತೆಲುಗಿನಲ್ಲಿ ಬೈಯುತ್ತಿದ್ದ, ವೈನಿ ಉರ್ದುವಿನಲ್ಲಿ ತಿರುಗಿ ಬೈಯುತ್ತಿದ್ದರು.

ಊರಿಗೆ ಊರೇ ಕಂಪ್ಯೂಟರ್ ಹಿಂದೆ ಓಡುತ್ತಿದ್ದ ಕಾಲವದು. ಕಂಬಕಂಬಕ್ಕೂ ಕೋರ್ಸಿನ ಬೋರ್ಡು. ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ನನ್‌ಗಳ ಕೈಯಲ್ಲಿ ಓದಿ, ಅಂಥದೇ ಒಂದು ಸ್ಕೂಲಿನಲ್ಲಿ ಮ್ಯಾಥ್ಸ್ ಕಲಿಸಿ, ಆಗಷ್ಟೇ ರಿಟೈರ್ ಆಗಿದ್ದೆ. ಮನೆಯಲ್ಲಿ ಅಮ್ಮನ ರಾಯಚೂರಿನ ಕನ್ನಡ, ಹೊರಗೆಲ್ಲ ಇಂಗ್ಲಿಷ್. ಬಿ.ಎಸ್ಸಿ.ಯಲ್ಲಿ ಅಷ್ಟು ಪ್ರೀತಿಯಿಂದ ಕಲಿತ ಕ್ಯಾಲ್ಕುಲಸ್ಸನ್ನು ಮೂವತ್ತು ಚಿಲ್ಲರೆ ವರ್ಷ ಯಾರಿಗೂ ಹೇಳಿಕೊಡಲಿಲ್ಲ. ಹತ್ತನೇ ಕ್ಲಾಸಿನ ಹುಡುಗಿಯರಿಗೆ ಅದು ಬೇಕಿರಲಿಲ್ಲ. ಮದುವೆಗೆ ತಂದ ರೇಷ್ಮೆ ಸೀರೆ ಬೀರುವಿನಲ್ಲೇ ಉಳಿದ ಹಾಗೆ ಅದು ನನ್ನೊಳಗೆ ಉಳಿದಿತ್ತು.

ವೈನಿ ಬೀದರ್ ಕಡೆಯವರು. ಅವರ ಯಜಮಾನರು ನನ್ನನ್ನು ತಂಗಿ ಎನ್ನುತ್ತಿದ್ದರು, ಹಾಗಾಗಿ ಅವರು ನನಗೆ ವೈನಿ, ಅಂದರೆ ಅತ್ತಿಗೆ. ನಾನು ಅವರಿಗೆ ‘ಅಕ್ಕೋರ’, ಅವರ ಕಡೆ ಟೀಚರಮ್ಮನನ್ನು ಕರೆಯುವುದೇ ಹಾಗೆ. ಯಜಮಾನರು ತೀರಿಕೊಂಡ ಮೇಲೆ ಬೀದರಿನಿಂದ ಮೈದುನ ಬಂದು ಕೂತ. “ಊರಾಗ ಒಂದು ಖೋಲಿ ಖಾಲಿ ಐತಿ ವೈನಿ. ನಮ್ಮ ಹುಡುಗರನ್ನ ನೋಡ್ಕೊಂಡು, ಎರಡು ಹೊತ್ತು ರೊಟ್ಟಿ ಬಡಕೊಂಡು ಇದ್ದುಬಿಡ್ರಿ,” ಅಂದ. ಪ್ರೀತಿಯಿಂದಲೇ ಅಂದ, ಆ ಮಾತು ಬೇರೆ.

ಅವನು ಎದ್ದು ಹೋದ ಮೇಲೆ ವೈನಿ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. “ಅಲ್ಲೂ ರೊಟ್ಟಿ, ಇಲ್ಲೂ ರೊಟ್ಟಿ. ಖರೆ. ಆದ್ರ ಇಲ್ಲಿ ಒಲಿ ನಂದು, ಅಕ್ಕೋರ. ಅಲ್ಲಿ ಅವನ ಹೇಂತಿದು. ನಾ ಹೋಗಾಂಗಿಲ್ಲ.”

ಹೋಗದೆ ಇರಬೇಕಾದರೆ ದುಡಿಮೆ ಬೇಕು. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಮೈಸೂರಿನ ಹುಡುಗಿ ಮಾದಾಪುರದಲ್ಲಿ ಇಂಜಿನಿಯರ್. ಅವಳ ಆಫೀಸಿನಲ್ಲಿ ಕನ್ನಡದವರ ಒಂದು ದೊಡ್ಡ ಗುಂಪೇ ಇತ್ತು, ಅವರಿಗೆ ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ ಬೇಕಿತ್ತು. ಹೀಗೆ ಶುರುವಾಯಿತು. ಒಂದು ವಾರವಾದ ಮೇಲೆ ಹುಡುಗಿ ಬಂದು ಕೈ ಹಿಸುಕಿಕೊಳ್ಳುತ್ತ ನಿಂತಳು. “ಆಂಟಿ, ಬೇಜಾರು ಮಾಡ್ಕೋಬೇಡಿ. ಕ್ಯಾಬು ಊರೆಲ್ಲಾ ಸುತ್ತಿ ಹೋಗತ್ತೆ. ಲಂಚ್ ಟೈಮಿಗೆ ರೊಟ್ಟಿ ಚಪ್ಪಲಿ ಥರ ಆಗಿರತ್ತೆ. ಈ ತಿಂಗಳು ನೋಡ್ತೀವಿ, ಆಮೇಲೆ ಕ್ಯಾಂಟೀನೇ ಸಾಕು ಅಂತಿದಾರೆ ಎಲ್ರೂ.”

“ಚಪ್ಪಲಿ ಅಂದ್ಯಾ?” ಅಂದರು ವೈನಿ. “ನಿಮ್ಮ ಮೈಸೂರಾಗ ಚಪ್ಪಲಿ ಇಷ್ಟು ರುಚಿ ಇರ್ತಾವೇನು?” ಹುಡುಗಿ ನಕ್ಕಳು. ವೈನಿ ನಗಲಿಲ್ಲ.

ನಾನು ಟ್ರಂಕನ್ನು ನೋಡಿದೆ. ಚಪ್ಪಟೆ ತಗಡಿನ ಟ್ರಂಕು, ಅದರಲ್ಲಿ ಸಾಲಾಗಿ ಗಿಡ್ಡ ಗಿಡ್ಡ ರೊಟ್ಟಿ ಗುಪ್ಪೆಗಳು. ಮುಚ್ಚಳವೋ ಮೈದಾನದಷ್ಟು. ಬಿಸಿ ಸೋರುವುದು ಹೊರಮೈಯಿಂದ ತಾನೇ? ಹಾಗಾದರೆ ಒಳಗಿನ ಜಾಗ ಅಷ್ಟೇ ಇದ್ದು ಹೊರಮೈ ಮಾತ್ರ ಅತಿ ಕಡಿಮೆಯಾಗುವ ಆಕಾರ ಯಾವುದು? ಓ ಮೈ ಗಾಡ್, ಇದು ಸೆಕೆಂಡ್ ಇಯರ್ ಪೇಪರಿನ ಪ್ರಶ್ನೆ!

ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಬರೆದೆ. ರೊಟ್ಟಿ ದುಂಡಗೆ, ಆದ್ದರಿಂದ ಡಬ್ಬಿಯೂ ದುಂಡಗೆ, ಸಿಲಿಂಡರ್. ಅಗಲ ಹೆಚ್ಚಿಸಿದರೆ ತಳ-ಮುಚ್ಚಳ ಬೆಳೆಯುತ್ತವೆ, ಎತ್ತರ ಹೆಚ್ಚಿಸಿದರೆ ಗೋಡೆ ಬೆಳೆಯುತ್ತದೆ. ಡೆರಿವೇಟಿವ್ ತೆಗೆದು ಸೊನ್ನೆಗೆ ಸಮ ಮಾಡಿದೆ. ಕೈ ಮರೆತಿರಲಿಲ್ಲ. ಉತ್ತರ ಬಂತು: ಎತ್ತರ ಅಗಲದಷ್ಟೇ ಇರಬೇಕು. ಎಲ್ಲ ರೊಟ್ಟಿಯೂ ಒಂದೇ ಗುಪ್ಪೆ. ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಒಂದೇ ತೊಡಕು. ಲೆಕ್ಕಕ್ಕೆ ಬಂದ ಅಗಲ ವೈನಿಯ ರೊಟ್ಟಿಗಿಂತ ಎರಡು ಬೆರಳು ಚಿಕ್ಕದು.

“ಎರಡು ಬೆರಳು ಸಣ್ಣ ಬಡೀರಿ ವೈನಿ, ಸಾಕು.”

“ಯಾಕ, ಹಪ್ಪಳ ಮಾಡಾಕತ್ತೀನೇನು? ರೊಟ್ಟಿ ಹಂಚಿನ ಅಂಚು ಮುಟ್ಟಬೇಕು. ಮುಟ್ಟಲಿಲ್ಲಂದ್ರ ನಮ್ಮತ್ತಿ ಮತ್ತ ಹಿಟ್ಟು ಮುದ್ದಿ ಮಾಡಸ್ತಿದ್ರು. ನಿಮ್ಮ ಲೆಕ್ಕಕ್ಕ ನನ್ನ ಕೈ ಬದಲಾಗಂಗಿಲ್ಲ. ಲೆಕ್ಕಾನ ಬದಲ ಮಾಡ್ರಿ.”

ಲೆಕ್ಕವನ್ನು ಬದಲಿಸುವುದೆಂದರೇನು ಎಂದು ಸಿಟ್ಟೇ ಬಂತು. ಅಗಲ ಬದಲಾದಂತೆ ಹೊರಮೈ ಎಷ್ಟಾಗುತ್ತದೆಂದು ಗ್ರಾಫ್ ಬಿಡಿಸಿ ತೋರಿಸಿ ಬಾಯಿ ಮುಚ್ಚಿಸೋಣ ಎಂದು ಕೂತೆ. ಬಿಡಿಸುತ್ತಿದ್ದ ಹಾಗೆ ನನ್ನದೇ ಬಾಯಿ ಮುಚ್ಚಿತು. ಆ ಗೆರೆ ಇಳಿದು ಇಳಿದು ತಳ ಮುಟ್ಟುವಲ್ಲಿ ಬಟ್ಟಲಿನ ತಳದಂತೆ ಚಪ್ಪಟೆಯಾಗಿತ್ತು. ಅಲ್ಲಿ ಎರಡು ಬೆರಳು ಆಚೀಚೆ ಆದರೆ ಹೊರಮೈ ಹೆಚ್ಚುವುದು ಕೂದಲೆಳೆಯಷ್ಟು. ಡೆರಿವೇಟಿವ್ ಸೊನ್ನೆ ಎಂದರೆ ಅದೇ ಅಲ್ಲವೇ? ಅತ್ಯುತ್ತಮವಾದದ್ದರ ಸುತ್ತ ಒಂದಿಷ್ಟು ಸಲುಗೆಯ ಜಾಗ ಇರುತ್ತದೆ. ನೂರು ಸಲ ಪರೀಕ್ಷೆಗೆ ಓದಿದ್ದೆ, ಇದನ್ನು ಮಾತ್ರ ಕಂಡಿರಲಿಲ್ಲ. ರೊಟ್ಟಿ ಹಂಚಿನಗಲವೇ ಉಳಿಯಿತು.

ಆ ಅಳತೆಗೆ ಒಂದು ಸ್ಟೀಲ್ ಡಬ್ಬಿ, ಅದರ ಸುತ್ತ ಒಂದು ತಗಡಿನ ಡ್ರಮ್ಮು. ನಡುವೆ ತುಂಬಲು ಹುಡುಗಿ ಆಫೀಸಿನಿಂದ ಥರ್ಮಾಕೋಲ್ ತಂದಳು. ದಿನಾ ಹೊಸ ಕಂಪ್ಯೂಟರ್ ಬರುತ್ತಿದ್ದವು, ಪ್ಯಾಕಿಂಗ್ ಕೇಳುವವರಿರಲಿಲ್ಲ. ಮೊದಲ ದಿನ ಡಬ್ಬಿಯನ್ನು ಕ್ಯಾಬಿಗೆ ಏರಿಸಿ ನಾವಿಬ್ಬರೂ ಸಂಜೆಯವರೆಗೆ ಗೇಟು ನೋಡುತ್ತ ಕೂತೆವು.

ಹುಡುಗಿ ಇಳಿದಳು. ಮುಖ ನೋಡಿಯೇ ತಿಳಿಯಿತು.

“ಬಿಸಿ ಇತ್ತು ಆಂಟಿ, ಸಖತ್ ಬಿಸಿ. ಆದ್ರೆ ಒದ್ದೆ. ಕೆಳಗಿನವೆಲ್ಲ ಒಂದಕ್ಕೊಂದು ಅಂಟ್ಕೊಂಡು ಅಂಬಲಿ ಆಗ್ಬಿಟ್ಟಿತ್ತು.”

ಶಾಖವನ್ನು ಲೆಕ್ಕ ಹಾಕಿದ್ದೆ, ಹಬೆಯನ್ನು ಮರೆತಿದ್ದೆ. ಹಂಚಿನಿಂದ ತೆಗೆದ ರೊಟ್ಟಿ ನೇರ ಡಬ್ಬಿಗೆ, ಬಿಗಿ ಮುಚ್ಚಳ, ಹಬೆ ಎಲ್ಲಿಗೆ ಹೋಗಬೇಕು? ವೈನಿ ನಡುವೆ ಬಟ್ಟೆ ಹಾಸಿ ನೋಡಿದರು, ಬಟ್ಟೆಯೇ ಹಿಂಡುವಂತಾಯಿತು. ಮುಚ್ಚಳಕ್ಕೆ ತೂತು ಹೊಡೆಯೋಣವೆಂದರೆ ಬಿಸಿಯೂ ಹೋಗುತ್ತದೆ. ಆ ವಾರ ಮೈದುನನ ಫೋನೂ ಬಂತು. ವೈನಿ ಮಾತಾಡಿ ರಿಸೀವರ್ ಇಟ್ಟು, “ಖೋಲಿಗೆ ಸುಣ್ಣ ಹೊಡಸ್ಯಾನಂತ,” ಅಂದರು. “ಹೊಡಸ್ಲಿ. ಅಕ್ಕೋರ, ಇನ್ನೊಮ್ಮೆ ಲೆಕ್ಕ ಮಾಡ್ರಿ.”

ಈ ಸಲ ಲೆಕ್ಕ ಬಗ್ಗಲಿಲ್ಲ. ಹಬೆಗೆ ಫಂಕ್ಷನ್ ಬರೆಯಲು ನನ್ನ ಬಿ.ಎಸ್ಸಿ. ಸಾಲದು. ಆದರೆ ದಾರಿ ತಿಳಿದಿತ್ತು. ಡಬ್ಬಿಗೆ ಹೋಗುವ ಮೊದಲು ರೊಟ್ಟಿ ಬುಟ್ಟಿಯಲ್ಲಿ ಆರದಿದ್ದರೆ ಒದ್ದೆ, ಬಹಳ ಆರಿದರೆ ಚಪ್ಪಲಿ. ಅಂದಮೇಲೆ ನಡುವೆ ಎಲ್ಲೋ ಒಂದು ಶಿಖರ ಇರಲೇಬೇಕು. ಫಾರ್ಮುಲಾ ಇಲ್ಲದಿದ್ದರೇನು, ಹತ್ತಿ ನೋಡಬಹುದು. ಗಡಿಯಾರ ನೋಡಲು ವೈನಿಯ ಹಿಟ್ಟಿನ ಕೈಗೆ ಪುರಸೊತ್ತಿಲ್ಲ, ಹಾಗಾಗಿ ಹೊತ್ತನ್ನು ರೊಟ್ಟಿಯಿಂದಲೇ ಅಳೆದೆವು. ಒಂದು ದಿನ, ಮುಂದಿನ ಒಂದು ರೊಟ್ಟಿ ಬೇಯುವವರೆಗೆ ಹಿಂದಿನದು ಬುಟ್ಟಿಯಲ್ಲಿ ಆರಬೇಕು, ಆಮೇಲೆ ಡಬ್ಬಿಗೆ. ಮರುದಿನ ಎರಡು ರೊಟ್ಟಿ ಬೇಯುವವರೆಗೆ. ಹೀಗೆ ಏರಿಸುತ್ತ ಹೋಗುವುದು. ದಿನಾ ಸಂಜೆ ಹುಡುಗಿ ಊಟದವರ ಮಾರ್ಕ್ಸ್ ತರುತ್ತಿದ್ದಳು, ನಾನು ಕ್ಯಾಲೆಂಡರಿನ ಹಾಳೆಯ ಮೇಲೆ ಚುಕ್ಕಿ ಇಡುತ್ತಿದ್ದೆ. ವೈನಿ ಬಗ್ಗಿ ನೋಡುತ್ತಿದ್ದರು.

“ಏರಾಕತ್ತೈತಲ್ರಿ?”

“ಏರ್ತಿದೆ.”

“ಹಾಂಗಾರ ನಾಳೆ ಇನ್ನೊಂದು ರೊಟ್ಟಿ ತನಕ ಆರಸೋಣು.”

ಮೂರರಲ್ಲಿ ಎಲ್ಲಕ್ಕಿಂತ ಹೆಚ್ಚು ಬಂತು. ನಾಲ್ಕರಲ್ಲಿ ಚುಕ್ಕಿ ಇಳಿಯಿತು, ಐದರಲ್ಲಿ ಬಿದ್ದೇಹೋಯಿತು. ಮತ್ತೆ ಮೂರಕ್ಕೆ ಬಂದು ನಿಂತೆವು. ತಿಂಗಳ ಕೊನೆಗೆ ಹುಡುಗಿ ಮೆಟ್ಟಿಲ ಕೆಳಗಿನಿಂದಲೇ ಕೂಗಿದಳು, “ಆಂಟೀ, ಕ್ಯಾಂಟೀನ್ ಬೇಡ್ವಂತೆ! ಪಕ್ಕದ ಬಿಲ್ಡಿಂಗಿನವ್ರೂ ಕೇಳ್ತಿದಾರೆ!”

ವೈನಿ ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಫೋನಿನ ಹತ್ತಿರ ಹೋದರು. “ಖೋಲಿ ಬಾಡಿಗಿಗಿ ಕೊಡು ತಮ್ಮಾ,” ಅಂದರು. “ಸುಣ್ಣ ಹ್ಯಾಂಗೂ ಹೊಡಸೀದಿ.”

ಆಮೇಲೆ ಎಷ್ಟೋ ವರ್ಷ ಅವರು ಆ ಮನೆಯಲ್ಲೇ ಇದ್ದರು, ತಮ್ಮ ಒಲೆಯ ಮುಂದೆ. ಒಂದರ ಹಿಂದೆ ಒಂದು ಡಬ್ಬಿಗಳಾದವು, ಹುಡುಗಿ ಮದುವೆಯಾಗಿ ಹೋದಳು, ಬೇರೆಯವರು ಬಂದರು. ನನಗೂ ಒಂದು ಕೆಲಸ ಸಿಕ್ಕಿತ್ತು: ಹೊಸ ಡಬ್ಬಿಗೆ ಅಳತೆ ಕೊಡುವುದು. ಮುಪ್ಪಿನಲ್ಲಿ ಇಷ್ಟು ಸುಖ ಎಷ್ಟು ಜನರಿಗೆ ಸಿಗುತ್ತದೆ, ಹೇಳಿ?

ಅವರನ್ನು ನಾನು ಕಡೆಯ ಸಲ ನೋಡಿದ್ದು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ. ಮೈದುನನ ಮಗಳ ಮದುವೆಗೆ ಬೀದರಿಗೆ ಹೊರಟಿದ್ದರು, ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ಗಂಡ ಹೋದ ಮೇಲೂ ಅವರು ಬಳೆ ತೆಗೆದಿರಲಿಲ್ಲ. ಕಿಟಕಿಯ ಪಕ್ಕ ಕೂತು, ಗಾಡಿ ಅಲುಗಾಡಿದ ಮೇಲೂ ಮಾತು ನಿಲ್ಲಿಸಲಿಲ್ಲ.

“ತಿಂಗಳ ಇರ್ರಿ ಅಂತಾನ. ನಾ ಬೀಗರಂಗ ಬರ್ತೀನಿ, ಬೀಗರಂಗ ಹೋಗ್ತೀನಿ ಅಂದೀನಿ. ಸೋಮವಾರಕ್ಕ ಜ್ವಾಳ ಬೀಸಾಕ ಕೊಡ್ರಿ ಅಕ್ಕೋರ, ಮರೀಬ್ಯಾಡ್ರಿ. ಸಣ್ಣಗ ಬೀಸು ಅಂತ ಹೇಳ್ರಿ ಆ ಗಿರಣಿಯವಗ!”