ಸಂತ್ರಾ ಹಣ್ಣಿನ ಅರವತ್ತನಾಲ್ಕು ಬಟ್ಟಲು

ಕೊರೊನಾ ಹೋಗಿ ಜನ ಮತ್ತೆ ಧೈರ್ಯವಾಗಿ ಪಂಕ್ತಿ ಕೂರಿಸತೊಡಗಿದ ಎರಡನೇ ವರ್ಷ. ನಾನಾಗ ರಾಯಚೂರಿನಲ್ಲಿ ಅಡಿಗೆ ಕಾಂಟ್ರ್ಯಾಕ್ಟರ್. ಕಾಂಟ್ರ್ಯಾಕ್ಟರ್ ಅಂದರೆ ದೊಡ್ಡ ಮಾತಾಯಿತು. ನಾನು, ಜೊತೆಗೆ ಇಬ್ಬರು ಹೆಂಗಸರು, ಎರಡು ಗ್ಯಾಸ್ ಒಲೆ, ಒಂದಿಷ್ಟು ಪಾತ್ರೆ, ಇಷ್ಟೇ. ಕೂಸಿನ ತೊಟ್ಟಿಲು, ಬಸುರಿಯ ಕುಬಸ, ಹಬ್ಬದೂಟ ಅಂತ ದೇವದುರ್ಗದಿಂದ ಮಾನ್ವಿವರೆಗೆ ಇಪ್ಪತ್ಮೂರು ವರ್ಷ ತಿರುಗಿ ನನ್ನ ಮೊಣಕಾಲು ಆಗಲೇ ಮಾತು ಕೇಳುವುದನ್ನು ಬಿಟ್ಟಿದ್ದವು. ಲಿಂಗಾಯತರ ಮನೆಗಳಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಕೈರುಚಿಗಿಂತ ಹೆಚ್ಚಾಗಿ ನಂಬಿಕೆಯ ಮೇಲೆ. ನಾನೂ ಲಿಂಗ ಕಟ್ಟಿಕೊಂಡವಳು. ನನ್ನ ಪಾತ್ರೆಗಳು ಮಾಂಸದ ಅಡಿಗೆ ಕಂಡಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಎಳ್ಳಮಾವಾಸ್ಯೆಗೆ ಮಾನ್ವಿಯ ಒಂದು ರೈಸ್ ಮಿಲ್ ಮನೆಯವರು ಕರೆದರು. ಪೋತ್ನಾಳದ ರಸ್ತೆಯಲ್ಲಿ ಅವರ ಹೊಲ. ಎಳ್ಳಮಾವಾಸ್ಯೆಯ ಊಟ ಮನೆಯಲ್ಲಲ್ಲ, ಹೊಲದಲ್ಲಿ. ಮಾಡಿದ ಎಲ್ಲ ಅಡಿಗೆಯಿಂದ ಒಂದೊಂದು ತುತ್ತು ಕಲಸಿ ಮೊದಲು ಹೊಲದ ಸುತ್ತ ಚರಗ ಚೆಲ್ಲಬೇಕು, ಅಂದರೆ ಭೂಮಿತಾಯಿಗೆ ಉಣಿಸಬೇಕು, ಆಮೇಲೆ ಮನುಷ್ಯರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಲ್ಲ ಎಂದಿನಂತೆಯೇ. ಹೆಚ್ಚಿಗೆ ಒಂದು ಪದಾರ್ಥ ಕೇಳಿದವಳು ಆ ಮನೆಯ ಸೊಸೆ ಅಶ್ವಿನಿ. ರಾಯಚೂರು ಸಿಟಿಯ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅತ್ತೆ ಗುರುಸಿದ್ದಮ್ಮನವರಿಗೆ ಪಿತ್ತಕೋಶದ ಆಪರೇಷನ್ ಆಗಿ ಎರಡು ತಿಂಗಳು. ಎಣ್ಣೆ, ತುಪ್ಪ ಎಲ್ಲ ಬಂದ್.

"ಎಲ್ಲಾರೂ ಹೋಳಿಗಿ ತಿನ್ನಾಕತ್ತಾಗ ಅತ್ತಿಯವರು ಸುಮ್ನ ಕುಂದರಬಾರದು ಅಕ್ಕಾ. ಹಗುರ ಇರೋ ಸಿಹಿ ಏನಾರ ಮಾಡ್ರಿ," ಅಂದಿದ್ದಳು ಫೋನಿನಲ್ಲಿ. ಅತ್ತೆಯ ಕಣ್ಣಲ್ಲಿ ಒಳ್ಳೆಯವಳಾಗುವ ಆಸೆ ಅವಳ ದನಿಯಲ್ಲಿ ಚೆನ್ನಾಗಿಯೇ ಕೇಳಿಸಿತು.

ಹಗುರ ಸಿಹಿಗೆ ನನ್ನ ಹೆಸರು ಅಷ್ಟಿಷ್ಟು ಓಡುತ್ತಿತ್ತು. ಸಂತ್ರಾ, ಅಂದರೆ ಕಿತ್ತಳೆ ಹಣ್ಣಿನ ರಸ ತೆಗೆದು, ಸೋಸಿ, ಸಕ್ಕರೆ ಕರಗಿಸಿ, ನಿಂಬೆಹುಳಿ ಹಿಂಡಿ, ಗಟ್ಟಿಯಾಗುವ ಪೌಡರ್ ಸೇರಿಸಿ ಬಟ್ಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಪುಡಿಂಗ್ ಆಗುತ್ತದೆ. ಹಾಲಿಲ್ಲ, ತುಪ್ಪವಿಲ್ಲ. ಈ ಕೆಲಸಕ್ಕೆ ನಾನು ಮೊದಲು ಬಳಸುತ್ತಿದ್ದದ್ದು ಚೀನಾ ಗ್ರಾಸ್. ಸಮುದ್ರದ ಪಾಚಿಯಿಂದ ತೆಗೆದದ್ದು, ಎಳೆಎಳೆಯಾಗಿರುತ್ತದೆ, ಚೆನ್ನಾಗಿ ಕುದಿಸಬೇಕು. ಮೂರು ವರ್ಷದ ಹಿಂದೆ ನಾನು ಸಾಮಾನು ತರುವ ಅಂಗಡಿಯವನು ಚೀಲದಿಂದ ಬಿಡಿಯಾಗಿ ಒಂದು ಪೌಡರ್ ತೂಗಿಕೊಟ್ಟ. "ಇದೂ ಅದ ಕೆಲ್ಸಾ ಮಾಡ್ತದ್ರಿ. ಕುದಿಸೋದು ಬ್ಯಾಡ, ಬಿಸಿ ನೀರಾಗ ಕರಗಿಸಿದ್ರ ಸಾಕು," ಅಂದ. ನಾನು ತಂದು ಡಬ್ಬಿಗೆ ಸುರಿದೆ. ನಮ್ಮ ಅಡಿಗೆಮನೆಗಳ ರೂಢಿಯೇ ಅದು: ಏನು ಬಂದರೂ ಸ್ಟೀಲ್ ಡಬ್ಬಿಗೆ ಸುರಿ, ಕಾಗದ ಕಸಕ್ಕೆ ಹಾಕು. ಡಬ್ಬಿಯ ಮೇಲೆ ಹೆಸರು ಬರೆಯುವುದು ಕೈ ಪಳಗದವರ ಕೆಲಸ ಅಂತ ನಮ್ಮ ಜಂಬ.

ಲೀಟರ್ ರಸಕ್ಕೆ ಚೀನಾ ಗ್ರಾಸ್ ಹತ್ತು ಗ್ರಾಂ ಸಾಕಾಗುತ್ತಿತ್ತು, ಇದು ಇಪ್ಪತ್ತು ಬೇಕಾಯಿತು. ಚೀನಾ ಗ್ರಾಸ್ ಹೊರಗಿಟ್ಟರೂ ಗಟ್ಟಿಯಾಗುತ್ತದೆ, ಇದಕ್ಕೆ ಫ್ರಿಜ್ಜೇ ಬೇಕು. ಆದರೆ ಬಾಯಲ್ಲಿಟ್ಟರೆ ಕರಗಿ ಹೋಗುತ್ತಿತ್ತು. ಜನ ಹೊಗಳಿದರು. ಹೊಗಳಿಕೆ ಬರುವಾಗ ಇದು ಯಾಕೆ ಬೇರೆ ಥರ ಇದೆ ಅಂತ ಕೇಳಿಕೊಳ್ಳುವಷ್ಟು ಬುದ್ಧಿ ನನಗೆ ಬರಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮಾನ್ವಿಯ ಆ ಮನೆಯಲ್ಲೇ ಹದಿನಾರು ಕೆಜಿ ಸಂತ್ರಾ ಸುಲಿದೆವು. ಐದು ಲೀಟರ್ ರಸ ಬಂತು. ಡಬ್ಬಿಯಲ್ಲಿ ಪೌಡರ್ ಅರ್ಧಕ್ಕೇ ಮುಗಿಯಿತು. ಈ ಸಲ ಅಂಗಡಿಯವನು ಬಿಡಿ ಇಲ್ಲವೆಂದು ಪ್ಯಾಕೆಟ್ ಕೊಟ್ಟಿದ್ದ. ಅದನ್ನೇ ಒಡೆದು ಉಳಿದದ್ದಕ್ಕೆ ಹಾಕಿದೆ. ಅರವತ್ತನಾಲ್ಕು ಬಟ್ಟಲು. ಸಂಜೆಗೆ ನನ್ನ ಸೊಂಟ ನನ್ನದಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ, ಹೊರಗೆ ಟ್ರ್ಯಾಕ್ಟರಿಗೆ ಬುಟ್ಟಿ ಏರಿಸುತ್ತಿದ್ದಾಗ ಅಶ್ವಿನಿ ನನ್ನನ್ನು ಅಡಿಗೆಮನೆಯ ಮೂಲೆಗೆ ಕರೆದಳು. ಕೈಯಲ್ಲಿ ಖಾಲಿ ಪ್ಯಾಕೆಟ್. ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ಇದರ ಮ್ಯಾಲ ಕೆಂಪು ಗುರ್ತು ಅದ. ಜೆಲಟಿನ್ ಅಂತ ಬರದಾರ. ದನದ ಎಲುಬು, ಚರ್ಮ ಕುದಿಸಿ ತಗಿಯೋದ್ರಿ ಇದು."

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮಾಂಸದ್ದು ಅಂತ ತಿಳಿಸುವ ಕೆಂಪು ಗುರುತು ಮಾತ್ರ ಗೊತ್ತು. ನೋಡಿದೆ, ಇತ್ತು. ಡಬ್ಬಿಯ ತಳಕ್ಕೆ ಅಂಟಿಕೊಂಡಿದ್ದ ಚೂರು ಹಳೇ ಪುಡಿಯನ್ನೂ ಪ್ಯಾಕೆಟ್ಟಿನದನ್ನೂ ಅಂಗೈಯಲ್ಲಿ ಹಾಕಿಕೊಂಡು ಮೂಸಿದೆ. ಎರಡೂ ಒಂದೇ. ಮೂರು ವರ್ಷದ ತೊಟ್ಟಿಲು, ಕುಬಸಗಳೆಲ್ಲ ಒಮ್ಮೆಲೇ ಕಣ್ಣೆದುರು ಬಂದವು. ನಾನೇ ಎಷ್ಟು ಸಲ ಬೆರಳದ್ದಿ ರುಚಿ ನೋಡಿದ್ದೆ.

"ಹೇಳಬ್ಯಾಡ್ರಿ ಅಕ್ಕಾ," ಅಶ್ವಿನಿ ನನ್ನ ಕೈ ಹಿಡಿದಳು. "ಇದನ್ನ ಮಾಡ್ಸಿದಾಕಿ ನಾನು. ಜಲ್ಮಪೂರ್ತಿ ನನ್ನ ತಲಿಗೇ ಬರ್ತದ. ಬಟ್ಲಾ ಕೈಜಾರಿ ಬಿದ್ವು ಅಂದುಬಿಡೋಣ್ರಿ."

ಬಟ್ಟಲು ಬೀಳಿಸುವುದೇನೂ ಕಷ್ಟವಿರಲಿಲ್ಲ. ಅವಳೂ ಉಳಿಯುತ್ತಿದ್ದಳು, ನಾನೂ ಉಳಿಯುತ್ತಿದ್ದೆ. ಸುಳ್ಳಿಲ್ಲ, ನಾನು ಎರಡು ಬಟ್ಟಲು ಕೈಗೆ ತಗೊಂಡೂ ಇದ್ದೆ. ಆದರೆ ಅದೇ ಮನೆಯಲ್ಲಿ ಹಿಂದಿನ ವರ್ಷ ಗುರುಸಿದ್ದಮ್ಮನವರ ಮಗಳ ಕೂಸಿನ ತೊಟ್ಟಿಲಿಗೆ ಇದೇ ಪುಡಿಂಗ್ ಮಾಡಿದ್ದೆ. ಇಂದು ಬೀಳಿಸಿದರೆ ಅದು ಬೀಳುವುದಿಲ್ಲವಲ್ಲ. ಬಟ್ಟಲು ಕೆಳಗಿಟ್ಟು ಪಡಸಾಲೆಗೆ ಹೋದೆ.

ಗುರುಸಿದ್ದಮ್ಮ ಚರಗದ ಬುಟ್ಟಿಗೆ ಹಸಿರು ಖಣ ಹೊದಿಸುತ್ತಿದ್ದರು. ನಿಂತೇ ಹೇಳಿದೆ, ಕೂತರೆ ಏಳಲಾರೆ ಅನಿಸಿತ್ತು. ಪೌಡರ್ ಏನೆಂದು ಹೇಳಿದೆ, ತಂದವಳು ನಾನು, ನೋಡದೆ ಹಾಕಿದವಳು ನಾನು, ಸೊಸೆಗೆ ಏನೂ ಗೊತ್ತಿರಲಿಲ್ಲ ಅಂದೆ. ಅವರ ಕೈ ನಿಂತಿತು. ಬೈಯಲಿಲ್ಲ. ಖಣ ಮಡಿಚಿ ಪಕ್ಕಕ್ಕಿಟ್ಟು ಕೇಳಿದರು:

"ಮಾದೇವಿ, ಇದು ಇವತ್ತಿಂದಷ್ಟ ಏನು?"

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ರೀ ಯವ್ವಾ. ಮೂರು ವರ್ಷ ಆತು. ನಿಮ್ಮನಿ ತೊಟ್ಟಲದಾಗೂ ಇದನ್ನ ಹಾಕಿದ್ದೆ."

ಅವರು ಕಣ್ಣು ಮುಚ್ಚಿಕೊಂಡರು. "ಅವತ್ತು ಅಯ್ಯನೋರಿಗೆ ನನ್ನ ಕೈಲೆ ಎರಡು ಸಲ ನೀಡಿದ್ದೆ," ಅಂದರು. ಅಯ್ಯನವರು ಅಂದರೆ ಆ ಮನೆತನದ ಜಂಗಮರು, ಎಪ್ಪತ್ತು ದಾಟಿದ ವೃದ್ಧರು. ಅತ್ತರೆ ಹಗುರಾದೀತೆಂದರೆ ಅಳುವೂ ಬರಲಿಲ್ಲ.

"ಅಯ್ಯನೋರಿಗೆ ನಾ ಹೇಳ್ತೀನಿ. ಅವರೇನಂತಾರೋ ಅದನ್ನ ಮಾಡಿದ್ರಾತು. ಭೂಮಿತಾಯಿ ಬಾಯಿಗೆ ಬೀಳೋಕಿಂತ ಮೊದಲು ಹೇಳಿದಿ, ಅಷ್ಟು ಛಲೋ ಆತು," ಅಂದರು. ಆಮೇಲೆ ಬಾಗಿಲಲ್ಲಿ ಅಳುತ್ತಾ ನಿಂತ ಸೊಸೆಯ ಕಡೆ ತಿರುಗಿ, "ನೀ ಯಾಕ ಅಳ್ತಿ ಬೇ? ನಿಂದೇನದ ಇದರಾಗ? ಹಣ್ಣು ಉಳದಾವೇನು ನೋಡು," ಅಂದರು. ನನ್ನನ್ನು ನೋಡದೆಯೇ ಹೇಳಿದರು: "ಇವತ್ತಿನ ಅಡಿಗಿ ಮುಗಿಸಿಕೊಡು. ಇನ್ನ ಮ್ಯಾಲ ನಮ್ಮನಿಗೆ ಬರಬ್ಯಾಡ."

ಸರಿ ಅಂದೆ. ಅರವತ್ತನಾಲ್ಕು ಬಟ್ಟಲನ್ನೂ ಬಚ್ಚಲಿಗೆ ಸುರಿದೆ.

ಇಪ್ಪತ್ತೊಂದು ಹಣ್ಣು ಉಳಿದಿದ್ದವು. ತೊಳೆಯ ಮೇಲಿನ ಬಿಳಿ ಸಿಪ್ಪೆಯನ್ನೂ ಬೀಜವನ್ನೂ ಬಿಡಿಸಿ, ಸಕ್ಕರೆ, ಚೂರು ಏಲಕ್ಕಿ ಉದುರಿಸಿ ಒಂದು ಬೋಗುಣಿ ತುಂಬಿಸಿದೆವು. ಬಿಡಿಸುವಾಗ ಅಶ್ವಿನಿ ನನಗೆ ಬೆನ್ನು ಹಾಕಿ ಕೂತಳು. ಹೊಲದಲ್ಲಿ ಚರಗ ಚೆಲ್ಲಿದ ಮೇಲೆ ಗುರುಸಿದ್ದಮ್ಮ ಆ ತೊಳೆಗಳನ್ನು ಒಂದೊಂದಾಗಿ ತಿಂದರು, ಸೊಸೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು. ನಾನು ಟ್ರ್ಯಾಕ್ಟರಿನ ನೆರಳಲ್ಲಿ ಕೂತು ಕಾಲು ಚಾಚಿದೆ. ನನಗೂ ಎಲೆ ಹಾಕಿದ್ದರು, ಉಣ್ಣಲಾಗಲಿಲ್ಲ.

ಆಮೇಲಿನ ನಾಲ್ಕು ತಿಂಗಳು ನನ್ನ ವೃತ್ತಿಯಲ್ಲೇ ಅತಿ ಬೇಸರದ ದಿನಗಳು. ಆ ಪೌಡರ್ ಹಾಕಿ ಬಡಿಸಿದ ಮನೆಗಳನ್ನು ನೆನಪು ಮಾಡಿಕೊಂಡೆ: ಮಾನ್ವಿಯದನ್ನು ಬಿಟ್ಟು ಹದಿನಾಲ್ಕು. ಬಸ್ ಹತ್ತಿ ಮನೆಮನೆಗೆ ಹೋಗಿ ಹೇಳಿದೆ. ಕಲ್ಮಲದ ಒಬ್ಬರು ನಕ್ಕು, "ಹೋದದ್ದು ಹೋತು, ಚಾ ಕುಡೀರಿ" ಅಂದರು. ದೇವದುರ್ಗದಲ್ಲಿ ಒಬ್ಬರು ಅಂಗಳದಿಂದಲೇ ಕಳಿಸಿದರು. ಕೆಲಸ ಅರ್ಧಕ್ಕಿಳಿಯಿತು, ಆಮೇಲೆ ಮೊಣಕಾಲಿನ ನೆಪದಲ್ಲಿ ನಾನೇ ಬಿಟ್ಟೆ.

ಹದಿಮೂರು ಮನೆಗೆ ಹೇಳಿದ್ದೇನೆ. ಉಳಿದದ್ದು ಗಬ್ಬೂರಿನ ಒಂದು ಮನೆ. ಅಲ್ಲಿಯ ಯಜಮಾನರಿಗೆ ಗಂಟಲಿನ ಕಾಯಿಲೆ ಇತ್ತು. ಆ ಎಳ್ಳಮಾವಾಸ್ಯೆಗೆ ಮುಂಚಿನ ದೀಪಾವಳಿಗೆ ಮನೆ ಮಂದಿಯೆಲ್ಲ ಉಂಡಾಗ ಅವರಿಗೆ ಇಳಿದದ್ದು ನನ್ನ ಸಂತ್ರಾ ಪುಡಿಂಗ್ ಮಾತ್ರ. ಹನ್ನೊಂದನೇ ದಿನಕ್ಕೆ ತೀರಿಕೊಂಡರು. ಆ ಮನೆಗೂ ಹೇಳಲೆಂದೇ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದು, "ಕಡೀಕ ನಿನ್ನ ಕೈದು ತಿಂದು ಹೋದ್ರು ಯವ್ವಾ, ಹೊಟ್ಟಿ ತಣ್ಣಗಾತು ಅಂದ್ರು," ಅಂದರು. ಚಹಾ ಕುಡಿದು ಬಂದೆ.

ಡಬ್ಬಿಗೆ ಸುರಿಯುವ ಮುಂಚೆ ಓದಿ, ಓದಲು ಬಾರದಿದ್ದರೆ ಓದಿಸಿ. ಈ ಕೆಲಸ ನನಗೆ ಕಲಿಸಿದ್ದನ್ನು ಕೇಳಿದವರಿಗೆಲ್ಲ ಹೀಗೆಯೇ ಹೇಳುತ್ತೇನೆ. ಬಾಯಿಗೆ ಹೋಗುವ ಮುಂಚೆ ಹೇಳಿದರೆ ಅದು ಉಣ್ಣುವವರ ಒಳ್ಳೆಯದಕ್ಕೆ. ಆಮೇಲೆ ಹೇಳಿದರೆ ಯಾರ ಒಳ್ಳೆಯದಕ್ಕೆ ಅನ್ನುವುದು ಹದಿಮೂರು ಮನೆ ತಿರುಗಿದರೂ ನನಗೆ ತಿಳಿದಿಲ್ಲ. ಗಬ್ಬೂರಿನ ಬಸ್ಸು ದಿನಾ ನಮ್ಮ ಓಣಿಯ ಮುಂದೆಯೇ ಹೋಗುತ್ತದೆ. ನಾನು ಹತ್ತುವುದಿಲ್ಲ.