ಬೆಲ್ಲದಚ್ಚಿನ ಹಲಗೆಗೆ ಕರೆಂಟು

ನಮ್ಮವ್ವನಿಗೆ ಕರೆಂಟು ಹೊಡೆದದ್ದು ನನ್ನ ಕೈಕೆಲಸದಿಂದ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲ. ಮಂಡ್ಯದಲ್ಲಿ ಗುಮಾಸ್ತನಾಗಿದ್ದ ನಾನು ಅವ್ವನ ಜೊತೆ ಬಾಡಿಗೆ ಮನೆಯಲ್ಲಿದ್ದೆ. ಒಂದು ರೇಡಿಯೊ, ಕರೆಂಟಿನಲ್ಲಿ ತಿರುಗುವ ಗ್ರಾಮಫೋನು, ಬೀದಿಗೆಲ್ಲ ಕೇಳುವಂತೆ ಸದ್ದು ಜೋರು ಮಾಡುವ ಆಂಪ್ಲಿಫೈಯರು, ಮೂರನ್ನೂ ಕೂಡಿಹಾಕಿದ್ದೆ. ಮನೆಯ ಗೋಡೆಯಲ್ಲಿದ್ದದ್ದು ಒಂದೇ ಸಾಕೆಟ್ಟು. ಮೂರು ಸಾಕೆಟ್ಟಿನ ಬೋರ್ಡೊಂದನ್ನು ನಾನೇ ಮಾಡುತ್ತೇನೆಂದು ಹೊರಟೆ. ನನ್ನ ಜಂಬ ಏನು ಕೇಳುತ್ತೀರಿ! ತಂತಿಯ ತುದಿಯನ್ನು ಉಗುರಿನಲ್ಲಿ ಕೆರೆದು ತಾಮ್ರವೇ ಹೌದೆಂದು ನೋಡಿದೆ. ಪಿಂಗಾಣಿ ಸಾಕೆಟ್ಟುಗಳನ್ನು ಒಂದೊಂದಾಗಿ ತಟ್ಟಿ, ಬಿರುಕಿಲ್ಲದ್ದನ್ನೇ ಆರಿಸಿದೆ.

ಕರೆಂಟು ಸಾಮಾನಿನ ಅಂಗಡಿಯವರು ದುಡ್ಡು ತೆಗೆದುಕೊಳ್ಳುತ್ತ, "ಮರ ಚೆನ್ನಾಗ್ ಒಣಗಿದ್ ತೇಗನೇ ಆಗ್ಬೇಕು ಕಣಪ್ಪ, ಮೇಲೆ ಅರಗು ಬಳಿ. ತ್ಯಾವ ಇರೋ ಮರ ಮಾತ್ರ ಬ್ಯಾಡ, ಅದ್ರಲ್ಲಿ ಕರೆಂಟು ಹರಿದ್ಬುಡ್ತದೆ" ಎಂದರು. ಹೂಂ ಎಂದು ಬಂದೆ.

ಆ ಭಾನುವಾರ ಅಪ್ಪ ಬಂದಿದ್ದ. ಮದ್ದೂರಿನ ಹತ್ತಿರದ ನಮ್ಮ ಆಲೆಮನೆಯಲ್ಲಿ ಬೆಲ್ಲ ಕಾಸುವುದೇ ಅವನ ಬದುಕು. ಬೋರ್ಡಿಗೆ ತೇಗ ಬೇಕು ಎಂದದ್ದಕ್ಕೆ ನಕ್ಕುಬಿಟ್ಟ. ಮುಂದಿನ ವಾರ ಹೆಗಲ ಮೇಲೆ, ಪಾಕ ಹುಯ್ಯುವ ಗುಳಿಗಳಿದ್ದ ಬೆಲ್ಲದಚ್ಚಿನ ಹಲಗೆಯೊಂದನ್ನು ಹೊತ್ತು ತಂದ.

"ಮೂವತ್ ವರ್ಸ ನೀರು ಕುಡುದದೆ, ಪಾಕ ಕುಡುದದೆ, ಒಂದ್ ಬಿರುಕಿಲ್ಲ ನೋಡ್ಲಾ. ಇದ್ರ ಮುಂದೆ ನಿನ್ ತೇಗ ಯಾವ್ ಲೆಕ್ಕ?"

ಪಾಕ ಅಂಟದಿರಲೆಂದು ಪ್ರತಿ ಸಲವೂ ನೀರಿನಲ್ಲಿ ನೆನೆಸಿಡುವ ಹಲಗೆ ಅದು. ಅಂಗಡಿಯವರ ಮಾತು ನೆನಪಾಗಲಿಲ್ಲವೆ? ನೆನಪಾಯಿತು. ಆದರೆ ಅಚ್ಚಿನ ಗುಳಿಗಳಲ್ಲಿ ನನ್ನ ಸಾಕೆಟ್ಟುಗಳು ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ಅದನ್ನು ಕಂಡು ಅಪ್ಪನ ಮುಖ ಅರಳಿತು. ಅರಗನ್ನೂ ಬಳಿಯದೆ ತಂತಿ ಬಿಗಿದು, ಅವತ್ತೇ ಹಾಡು ಹಾಕಿದೆ. ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಎಂಟು ದಿನ ಬಿಡದೆ ಜಡಿಮಳೆ. ಮತ್ತೆ ಭಾನುವಾರ, ಅಪ್ಪ ಜಗಲಿಯಲ್ಲಿ ಕೂತು ಹಾಡು ಕೇಳುತ್ತಿದ್ದ. ನೆಲ ಒರೆಸುತ್ತಿದ್ದ ಅವ್ವ ನೆಲದ ಮೇಲಿದ್ದ ಹಲಗೆಯನ್ನು ಒದ್ದೆ ಕೈಯಲ್ಲಿ ಎತ್ತಿದಳು.

ಅವಳ ಬಾಯಿಂದ ಬಂದ ಸದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬೆರಳುಗಳು ಹಲಗೆಯನ್ನು ಬಿಡುತ್ತಿಲ್ಲ, ಕಣ್ಣುಗಳು ನನ್ನನ್ನೇ ನೋಡುತ್ತಿವೆ. ಪ್ಲಗ್ಗು ನನಗೆ ಎರಡೇ ಮಾರು ದೂರ. ಕರೆಂಟಿನ ವಿಷಯ ಬಲ್ಲವನು ಮನೆಯಲ್ಲಿ ನಾನೊಬ್ಬನೇ, ನಾನೇ ಗರಬಡಿದವನಂತೆ ನಿಂತುಬಿಟ್ಟೆ. ಒಳಗೆ ನುಗ್ಗಿದ ಅಪ್ಪ ಹೆಗಲ ಮೇಲಿನ ಟವಲ್ಲನ್ನು ತಂತಿಗೆ ಸುತ್ತಿ ಜಗ್ಗಿದ. ಪ್ಲಗ್ಗು ಕಿತ್ತು ಬಂತು, ಹಾಡು ನಿಂತಿತು, ಅವ್ವ ಗೋಡೆಗೆ ಒರಗಿ ಬಿದ್ದಳು.

ಉಸಿರಿತ್ತು. ಅಂಗೈಯಲ್ಲಿ ಕಪ್ಪು ಬರೆ.

"ಏನಾಯ್ತ್ಲಾ? ಯಾಕ್ ಹಿಂಗಾಯ್ತು?" ಎಂದು ಅಪ್ಪ ಕೇಳಿದ.

"ಹಲಗೇಲಿ ತ್ಯಾವ ಇತ್ತು" ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

ಅಪ್ಪ ಅವ್ವನ ಕೈ ಹಿಡಿದು ಪಕ್ಕದಲ್ಲಿ ಕೂತ. "ನಾನೇ ತಂದ್ಕೊಟ್ನಲ್ಲಾ ಕಣಮ್ಮಿ, ಹಾಳಾದ್ ಹಲಗೆಯ."

"ನಿಂಗೇನ್ ಗೊತ್ತಿತ್ತು, ಬುಡು" ಎಂದಳು ಅವ್ವ.

ಊರಿಗೆ ಹೋದವನೇ ಅಪ್ಪ ಆಲೆಮನೆಯಲ್ಲಿ ಉಳಿದಿದ್ದ ಅಚ್ಚುಗಳನ್ನೆಲ್ಲ ಕೊಡಲಿಯಲ್ಲಿ ಸೀಳಿ ಒಲೆಗೆ ಹಾಕಿದನಂತೆ. ನಮ್ಮ ಮನೆಗೆ ಬಂದಾಗಲೂ ಸ್ವಿಚ್ಚು ಮುಟ್ಟುತ್ತಿರಲಿಲ್ಲ, ಕತ್ತಲಲ್ಲೇ ಕೂತಿರುತ್ತಿದ್ದ. ಅಂಗಡಿಯವರು ನನಗೆ ಮೊದಲೇ ಹೇಳಿದ್ದರು ಎಂಬುದನ್ನು ಅವನು ಸಾಯುವವರೆಗೂ ನಾನು ಹೇಳಲಿಲ್ಲ.